ಎರಡು ಕಾಲು, ಒಂದು ಪೊರಕೆ

ಬೆಕ್ಕು ಇಲಿಯ ಕಾರ್ಟೂನಿನ ಬಗ್ಗೆ ಬರೀತೀವಿ ಅಂದಾಗ ಗೆಳೆಯರೊಬ್ಬರು ನಕ್ಕರು. "ಭೂಮಿ ಪ್ರಶ್ನೆ ಐತೆ, ಕೂಲಿ ಪ್ರಶ್ನೆ ಐತೆ, ಮೀಸಲಾತಿ ಪ್ರಶ್ನೆ ಐತೆ. ನಿಮಗೆ ಬೆಕ್ಕು ಇಲಿ ಸಿಕ್ತಾ?" ಅಂದರು. ಸರಿ, ಆ ಪ್ರಶ್ನೆಗಳೆಲ್ಲ ಇವೆ. ಆದರೆ ನಮ್ಮನ್ನು ಹೊಡೆಯೋದಕ್ಕೆ ಈ ಸಮಾಜ ಬರೀ ದೊಣ್ಣೆಯನ್ನೇ ಬಳಸಲಿಲ್ಲ, ನಗುವನ್ನೂ ಬಳಸಿತು. ದೊಣ್ಣೆ ಏಟು ಬಿದ್ದರೆ ಠಾಣೆಗೆ ಹೋಗಿ ದೂರು ಕೊಡಬಹುದು. ದೂರು ಬರಕೊಳ್ಳೋದಿಲ್ಲ ಅಂದರೆ ಠಾಣೆ ಮುಂದೆಯೇ ಧರಣಿ ಕೂರಬಹುದು. ನಗುವಿನ ಮೇಲೆ ಯಾವ ಠಾಣೆಯಲ್ಲಿ ದೂರು ಕೊಡೋದು? ಅದೂ ಅಲ್ಲದೆ, ಆ ನಗುವಿನಲ್ಲಿ ನಮ್ಮ ಮಕ್ಕಳೂ ಸೇರಿಕೊಂಡು ನಗುತ್ತಾರೆ. ಅದರ ಹಿಕಮತ್ತು ಇರೋದೇ ಅಲ್ಲಿ.

ನಾವು ಬೆಳೆದದ್ದು ಬಾಗಲಗುಂಟೆಯಲ್ಲಿ. ತುಮಕೂರು ರಸ್ತೆ ಬಿಟ್ಟು ಹೆಸರಘಟ್ಟದ ಕಡೆ ತಿರುಗಿದರೆ ಸಿಗುವ ಊರು. ಊರು ಅನ್ನೋದು ಹಳೇ ಮಾತಾಯಿತು. 2007ರಲ್ಲಿ ದಾಸರಹಳ್ಳಿಯ ಜೊತೆಗೆ ಬಿಬಿಎಂಪಿಗೆ ಸೇರಿ ಅದೂ ಬೆಂಗಳೂರಾಯಿತು, 2015ರಲ್ಲಿ ನಾಗಸಂದ್ರದವರೆಗೆ ಮೆಟ್ರೋ ಬಂತು. ಪಕ್ಕದಲ್ಲೇ ಪೀಣ್ಯದ ಫ್ಯಾಕ್ಟರಿಗಳು. ಮಧುಗಿರಿ, ಪಾವಗಡ, ಕೊರಟಗೆರೆ ಸೀಮೆಯಿಂದ ಮಳೆ ಕೈಕೊಟ್ಟ ವರ್ಷಗಳಲ್ಲಿ ಗಂಟುಮೂಟೆ ಕಟ್ಟಿಕೊಂಡು ಬಂದ ಜನ ನಾವು. ಸಾಲು ಮನೆ, ಶೀಟಿನ ಸೂರು, ನಾಲ್ಕು ಸಂಸಾರಕ್ಕೆ ಒಂದು ಕಕ್ಕಸು. ಅಪ್ಪಂದಿರು ಪೀಣ್ಯದಲ್ಲಿ ಹೆಲ್ಪರುಗಳು. ಅವ್ವಂದಿರಲ್ಲಿ ಅರ್ಧ ಜನ ಗಾರ್ಮೆಂಟ್ಸಿಗೆ, ಇನ್ನರ್ಧ ಜನ ಮನೆಗೆಲಸಕ್ಕೆ. ಕೀಲಿಕೈ ನಮ್ಮ ಕೊರಳಲ್ಲಿ. ಸ್ಕೂಲಿಂದ ಬಂದರೆ ಮನೆಯಲ್ಲಿ ನಮ್ಮನ್ನು ಕಾಯೋದು ಸೆಕೆಂಡ್ ಹ್ಯಾಂಡ್ ಟಿವಿ ಒಂದೇ. ಅದನ್ನು ಹಚ್ಚಿದರೆ ಟಾಮ್ ಅಂಡ್ ಜೆರ್ರಿ. ಆ ಕಾರ್ಟೂನಿನಲ್ಲಿ ಹೆಚ್ಚು ಮಾತಿಲ್ಲ. ಇಂಗ್ಲಿಷು ಬಾರದ ನಮಗೆ ಮಾತಿಲ್ಲದ ಲೋಕ ಸಿಕ್ಕಿದ್ದು ದೊಡ್ಡ ಅನುಕೂಲವಾಯಿತು.

ಆ ಲೋಕದಲ್ಲಿ ಒಬ್ಬ ಹೆಂಗಸು ಬರುತ್ತಿದ್ದಳು. ಬರುತ್ತಿದ್ದದ್ದು ಪೂರ್ತಿ ಹೆಂಗಸಲ್ಲ, ಎರಡು ದಪ್ಪ ಕಾಲು. ಕಾಲಿಗೆ ಚಪ್ಪಲಿ, ಜಾರಿದ ಕಾಲುಚೀಲ, ಮೇಲೆ ಅಂಗಿಯ ಅಂಚು, ಅದರ ಮೇಲೆ ಏಪ್ರನ್ನು. ಕೈಯಲ್ಲಿ ಪೊರಕೆ. ಚರ್ಮ ನಮ್ಮಂಥದೇ ಕಪ್ಪು. ಬೆಕ್ಕನ್ನು ಬೈಯುವ ದನಿ ಇಡೀ ಮನೆ ತುಂಬೋದು. ಮುಖ ಮಾತ್ರ ಇಲ್ಲ. ಸೊಂಟದ ಮೇಲಕ್ಕೆ ಪರದೆಯೇ ಮುಗಿದುಹೋಗಿರೋದು.

ನಮ್ಮ ಸಾಲುಮನೆಯಲ್ಲಿ ಈ ಕಾಲುಗಳ ಬಗ್ಗೆ ಜಗಳವೇ ಆಗಿತ್ತು. ಹುಡುಗರದು ಒಂದು ವಾದ: ಬೆಕ್ಕನ್ನು ಆಚೆಗೆ ಹಾಕ್ತೀನಿ ಅಂತಾಳಲ್ಲ, ಹಾಗಾದರೆ ಮನೆ ಅವಳದೇ. ಕೆಲಸ ಮುಗಿಸಿ ಬಂದು ಗೋಡೆಗೆ ಒರಗಿ ಕೂತ ಅವ್ವ ಒಂದೇ ಮಾತಲ್ಲಿ ಆ ವಾದ ಮುರಿದಳು: "ಯಜಮಾನ್ತಿ ಆಗಿದ್ರೆ ಪೊರಕೆ ಯಾಕ್ಲಾ ಇಡ್ಕಂತಿದ್ಲು?" ದೊಡ್ಡವರಾದ ಮೇಲೆ ಓದಿ ನೋಡಿದರೆ ಅಮೆರಿಕದ ವಿಮರ್ಶಕರೂ ಇದೇ ಜಗಳ ಆಡಿದ್ದಾರೆ. ಕೆಲವರಿಗೆ ಅವಳು ಮನೆಯೊಡತಿ, ಹೆಚ್ಚಿನವರಿಗೆ ಕೆಲಸದಾಕೆ. ಪುಸ್ತಕ ಓದದ ನಮ್ಮವ್ವ ಪೊರಕೆ ನೋಡಿ ತೀರ್ಮಾನ ಕೊಟ್ಟಿದ್ದಳು.

ಆಕೆಗೆ ಹೊರಗಿನವರು ಇಟ್ಟ ಹೆಸರು ಮ್ಯಾಮಿ ಟೂ ಶೂಸ್. ಮ್ಯಾಮಿ ಅಂದರೆ ಗುಲಾಮಗಿರಿಯ ಕಾಲದಿಂದ ಬಿಳಿಯರ ಮನೆಯಲ್ಲಿ ಅಡುಗೆ ಮಾಡಿ, ಅವರ ಕೂಸುಗಳನ್ನು ಎತ್ತಿ ಆಡಿಸಿದ ಕಪ್ಪು ಹೆಂಗಸಿಗೆ ಬಿಳಿಯರು ಇಟ್ಟ ಹೆಸರು. ಹೆತ್ತ ತಾಯಿ ಇಟ್ಟ ಹೆಸರು ಯಾರಿಗೂ ಬೇಕಾಗಿರಲಿಲ್ಲ. ವಿಲಿಯಂ ಹನ್ನಾ, ಜೋಸೆಫ್ ಬಾರ್ಬೆರಾ ಎಂಬಿಬ್ಬರು ಎಂಜಿಎಂ ಕಂಪನಿಗೆ ಮಾಡಿದ ಮೊದಲ ಬೆಕ್ಕು ಇಲಿ ಚಿತ್ರ 'ಪುಸ್ ಗೆಟ್ಸ್ ದ ಬೂಟ್' ಬಂದದ್ದು 1940ರಲ್ಲಿ. ಅದರಲ್ಲೇ ಆಕೆ ಇದ್ದಾಳೆ. ಕಥೆ ಏನು? ಇನ್ನೊಂದು ಸಾಮಾನು ಒಡೆದರೆ ನಿನ್ನ ಆಚೆಗೆ ಹಾಕ್ತೀನಿ ಅಂತ ಬೆಕ್ಕಿಗೆ ಆಕೆ ತಾಕೀತು ಮಾಡ್ತಾಳೆ. ಇಲಿ ಬೇಕಂತಲೇ ಸಾಮಾನು ಬೀಳಿಸುತ್ತೆ. ನಾವು ಬಿದ್ದು ಬಿದ್ದು ನಕ್ಕೆವು. ಅದೇ ಮಾತನ್ನು ನಮ್ಮವ್ವಂದಿರು ಕೆಲಸದ ಮನೆಗಳಲ್ಲಿ ಕೇಳಿಸಿಕೊಂಡು ಬರುತ್ತಿದ್ದರು. ಒಂದು ಪಿಂಗಾಣಿ ತಟ್ಟೆ ಒಡೆದದ್ದಕ್ಕೆ ತಿಂಗಳ ಸಂಬಳದಲ್ಲಿ ಮುರಕೊಂಡವರಿದ್ದರು. ಅಮೆರಿಕದ ಆ ತಾಯಿಗೆ ಬೈಯೋದಕ್ಕೆ ಒಂದು ಬೆಕ್ಕಾದರೂ ಇತ್ತು.

ಆ ದನಿ ಲಿಲಿಯನ್ ರಾಂಡಾಲ್ಫ್ ಎಂಬ ಕಪ್ಪು ಕಲಾವಿದೆಯದು. 1940ರಿಂದ 1952ರವರೆಗೆ 20ರ ಹತ್ತಿರ ಚಿತ್ರಗಳಲ್ಲಿ ಆ ಕಾಲುಗಳು ಬಂದವು. ಚಿತ್ರದ ಹೆಸರುಪಟ್ಟಿಯಲ್ಲಿ ಅವರ ಹೆಸರು ಇರಲಿಲ್ಲ. ಸಿನಿಮಾದಲ್ಲಿ ಅವರ ಮುಖ ಕಂಡಾಗಲೂ, ಉದಾಹರಣೆಗೆ 1946ರ 'ಇಟ್ಸ್ ಎ ವಂಡರ್‌ಫುಲ್ ಲೈಫ್'ನಲ್ಲಿ, ಕೆಲಸದಾಕೆಯ ಪಾತ್ರವೇ. ಅದೇ ಪಾತ್ರಕ್ಕೆ ಹೆಸರಾದ ಇನ್ನೊಬ್ಬರು ಹ್ಯಾಟಿ ಮೆಕ್‌ಡೇನಿಯಲ್. 1940ರಲ್ಲಿ ಆಸ್ಕರ್ ಗೆದ್ದ ಮೊದಲ ಕಪ್ಪು ಕಲಾವಿದೆ. ಪ್ರಶಸ್ತಿ ಕೊಟ್ಟ ಆ ರಾತ್ರಿ ಆಕೆಯನ್ನು ಕೂರಿಸಿದ್ದು ಬಿಳಿಯರ ಪಂಕ್ತಿಯಿಂದ ಬೇರೆ ಇದ್ದ ಮೇಜಿನಲ್ಲಿ. ಬೇರೆ ಪಂಕ್ತಿ ಅಂದರೇನು ಅಂತ ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಂಥ ಪಾತ್ರ ಯಾಕೆ ಮಾಡ್ತೀಯ ಅಂತ ಅವಳ ಜನವೇ ಅವಳನ್ನು ಕೇಳಿದರು. ಕೆಲಸದಾಕೆಯಾಗಿ ದುಡಿಯೋದಕ್ಕಿಂತ ಕೆಲಸದಾಕೆಯ ಪಾತ್ರ ಮಾಡಿ ದುಡಿಯೋದು ಮೇಲು ಎಂಬರ್ಥದಲ್ಲಿ ಆಕೆ ಉತ್ತರ ಕೊಟ್ಟಿದ್ದಳೆಂಬುದು ಪ್ರಸಿದ್ಧ. ನಮ್ಮ ಗೆಳೆಯರು ಕೆಲವರಿಗೆ ಈ ಉತ್ತರ ಒಪ್ಪಿಗೆಯಾಗೋದಿಲ್ಲ. ನಮಗೆ ಆಗುತ್ತೆ. ಹಸಿದ ಹೊಟ್ಟೆಯ ಮುಂದೆ ಸಿದ್ಧಾಂತ ಓದುವವರು ಮೊದಲು ಅನ್ನದ ಲೆಕ್ಕ ಕೊಡಬೇಕು.

ಮುಖ ಯಾಕೆ ತೋರಿಸಲಿಲ್ಲ? ಅದಕ್ಕೆ ಒಂದು ಸಮಜಾಯಿಷಿ ಇದೆ. ಕಥೆ ಬೆಕ್ಕಿನದು, ಬೆಕ್ಕಿನ ಎತ್ತರಕ್ಕೆ ಕಾಣೋದು ಮನುಷ್ಯರ ಕಾಲು ಮಾತ್ರ ಅಂತ. ಕೇಳೋದಕ್ಕೆ ಚೆನ್ನಾಗಿದೆ. ಆದರೆ ಆಕೆ ಹೋದ ಮೇಲೆ, 1956ರ 'ಬಿಜಿ ಬಡ್ಡೀಸ್' ಚಿತ್ರದಲ್ಲಿ ಮಗು ನೋಡಿಕೊಳ್ಳೋದಕ್ಕೆ ಒಬ್ಬ ಬಿಳಿ ಹುಡುಗಿ ಬರ್ತಾಳೆ. ಫೋನು ಹಿಡಿದು ಹರಟುವ ಅವಳ ಮುಖ ಪೂರ್ತಿ ಕಾಣುತ್ತೆ. ಅದೇ ಬೆಕ್ಕು, ಅದೇ ಎತ್ತರ. ಬೆಕ್ಕಿನ ಕತ್ತು ಆಗ ಮಾತ್ರ ಮೇಲಕ್ಕೆ ತಿರುಗಿತಾ?

ಬೆಕ್ಕಿನ ಎತ್ತರ ಅಂದೆವಲ್ಲ, ಅವ್ವ ಆರು ವರ್ಷ ಕೆಲಸ ಮಾಡಿದ ಒಂದು ಮನೆಯಲ್ಲಿ ಒಂದು ಮಗು ಇತ್ತು. ಅವ್ವ ನೆಲ ಒರೆಸುವಾಗ ಅದು ಸೋಫಾದ ಮೇಲೆ ಕಾಲು ಮಡಿಚಿಕೊಂಡು ಕೂತು ಟಿವಿ ನೋಡೋದು. ಒಂದು ಸಲ ಬಸ್‌ಸ್ಟಾಪಿನಲ್ಲಿ ಆ ಮಗು ಎದುರಿಗೆ ಬಂತು. ಅವ್ವ ಅದರ ಹೆಸರು ಹಿಡಿದು ಕರೆದಳು. ಮಗು ಅಮ್ಮನ ಕೈ ಜಗ್ಗಿ, ಯಾರು ಅಂತ ಕೇಳಿತು. ಅವ್ವನಿಗೆ ಸಿಟ್ಟು ಬರಲಿಲ್ಲ. "ಪಾಪ, ಅದು ನನ್ ಮಕ ಯಾವಾಗ್ ನೋಡೈತೆ, ಬಗ್ಗಿರೋ ಬೆನ್ನು ನೋಡೈತೆ" ಅಂದಳು. ಸಿಟ್ಟು ಬಂದದ್ದು ನಮಗೆ. ಇವತ್ತಿಗೂ ಅದು ಇಳಿದಿಲ್ಲ.

ಇನ್ನು ಮಸಿಯ ವಿಷಯ. ಈ ಕಾರ್ಟೂನುಗಳಲ್ಲಿ ಪಟಾಕಿ ಸಿಡಿದರೆ, ಒಲೆ ಹೊತ್ತಿಕೊಂಡರೆ ಬೆಕ್ಕಿನ ಮುಖ ಕಪ್ಪಾಗುತ್ತೆ. ಬರೀ ಕಪ್ಪಾದರೆ ಬೆಂಕಿಯ ಗುಣ ಅನ್ನಬಹುದು. ಜೊತೆಗೆ ತುಟಿ ದಪ್ಪ ಆಗುತ್ತೆ, ತಲೆ ಮೇಲೆ ಪುಟ್ಟ ಪುಟ್ಟ ಜಡೆಗಳೂ ಏಳುತ್ತವೆ. ಬೆಂಕಿಗೆ ಜಡೆ ಹೆಣೆಯೋದು ಯಾವಾಗ ಬಂತು? ಇದು 19ನೇ ಶತಮಾನದ ಅಮೆರಿಕದ ಮಿನ್‌ಸ್ಟ್ರೆಲ್ ಆಟದಿಂದ ಬಂದದ್ದು. ಬಿಳಿಯರು ಸುಟ್ಟ ಬೆಂಡಿನ ಮಸಿ ಬಳಿದುಕೊಂಡು, ಗುಲಾಮರ ಥರ ತೊದಲಿ, ಕುಣಿದು ಜನರನ್ನು ನಗಿಸುತ್ತಿದ್ದ ಆಟ. ಮಿಕ್ಕಿ ಮೌಸಿನ ಬಿಳಿ ಕೈಗವಸು ಕೂಡ ಅದೇ ರಂಗದಿಂದ ಬಂದದ್ದೆಂದು ವಿದ್ವಾಂಸರು ಬರೆದಿದ್ದಾರೆ. 1948ರ 'ಮೌಸ್ ಕ್ಲೀನಿಂಗ್'ನಲ್ಲಿ ಮನೆಯೊಳಕ್ಕೆ ಕಲ್ಲಿದ್ದಲು ಸುರಿದು ಕಪ್ಪಾದ ಟಾಮ್, ಸೋಮಾರಿ ಕರಿಯನ ದನಿ ತೆಗೆದು ಆ ಹೆಂಗಸನ್ನು ಯಾಮಾರಿಸೋಕೆ ನೋಡ್ತಾನೆ. 1951ರ 'ಕ್ಯಾಸನೋವಾ ಕ್ಯಾಟ್'ನಲ್ಲಿ ಜೆರ್ರಿಯ ಮುಖಕ್ಕೆ ಸಿಗಾರಿನ ಹೊಗೆ ಊದಿ ಕಪ್ಪು ಮಾಡಿ, ಕಾದ ತಟ್ಟೆಯ ಮೇಲೆ ಕುಣಿಸ್ತಾರೆ. ಕಾಲು ಸುಡುವವನ ಕುಣಿತಕ್ಕೆ ನಗು.

ನಮ್ಮ ಭಾಷೆಯಲ್ಲೂ 'ಮುಖಕ್ಕೆ ಮಸಿ ಬಳಿಯೋದು' ಅಂದರೆ ಮಾನ ಕಳೆಯೋದು ಅಂತ ಅರ್ಥ. ಹುಟ್ಟಿನಿಂದಲೇ ಮಸಿಯ ಬಣ್ಣದ ಮುಖ ಹೊತ್ತವರು ಏನು ಮಾಡಬೇಕು?

ಆ ಜನ ಸುಮ್ಮನಿರಲಿಲ್ಲ ಎಂಬುದನ್ನು ನಾವು ತಿಳಿದಿರಬೇಕು. ವಾಲ್ಟರ್ ಲ್ಯಾಂಟ್ಸ್ 1941ರಲ್ಲಿ ಮಾಡಿದ ಒಂದು ಕಾರ್ಟೂನಿನಲ್ಲಿ ಕರಿಯರ ಇಡೀ ಊರು ನಿದ್ದೆ ಹೊಡೆಯುತ್ತಾ ಬಿದ್ದಿರುತ್ತೆ. ಕರಿಯರ ಹಕ್ಕಿನ ಸಂಘಟನೆ ಎನ್‌ಎಎಸಿಪಿ 1948ರಲ್ಲಿ ಪತ್ರ ಬರೆದು ಪಟ್ಟು ಹಿಡಿಯಿತು, ಮಾರನೇ ವರ್ಷ ಯೂನಿವರ್ಸಲ್ ಕಂಪನಿ ಆ ಚಿತ್ರದ ಹಂಚಿಕೆ ನಿಲ್ಲಿಸಿತು. 1968ರಲ್ಲಿ ವಾರ್ನರ್ ಕಾರ್ಟೂನುಗಳ ಹಕ್ಕು ಇಟ್ಟುಕೊಂಡಿದ್ದ ಯುನೈಟೆಡ್ ಆರ್ಟಿಸ್ಟ್ಸ್ 11 ಚಿತ್ರಗಳನ್ನು ಟಿವಿಗೆ ಕೊಡೋದಿಲ್ಲ ಅಂತ ಬೀರುವಿನಲ್ಲಿಟ್ಟಿತು. ಇದೆಲ್ಲ ಕಂಪನಿಗಳ ಔದಾರ್ಯದಿಂದ ಆದದ್ದಲ್ಲ. ಬೀದಿಯಲ್ಲಿ ಜನ ಎದ್ದು ನಿಂತಿದ್ದ ಕಾಲ ಅದು.

ಆದರೆ ಕಂಪನಿಗಳು ಅವಮಾನವನ್ನು ತಿದ್ದಿದ ಬಗೆ ಇದೆಯಲ್ಲ, ನಮ್ಮ ತಕರಾರು ಇರೋದು ಅಲ್ಲಿ. 1960ರ ದಶಕದಲ್ಲಿ ಟಾಮ್ ಅಂಡ್ ಜೆರ್ರಿ ಟಿವಿಗೆ ಹೋಗುವಾಗ ಚಕ್ ಜೋನ್ಸ್‌ನ ತಂಡ ಆ ಹೆಂಗಸನ್ನು ಕೆಲವು ಚಿತ್ರಗಳಿಂದ ಅಳಿಸಿತು. ಒಂದೊಂದೇ ಚೌಕಟ್ಟು ಹಿಡಿದು ಆ ಕಪ್ಪು ಕಾಲಿನ ಜಾಗದಲ್ಲಿ ತೆಳ್ಳಗಿನ ಬಿಳಿ ಕಾಲು ಬರೆದರು. ಲಿಲಿಯನ್ ದನಿ ತೆಗೆದು ಜೂನ್ ಫೋರೇ ಎಂಬ ಬಿಳಿ ಕಲಾವಿದೆಯ ದನಿ ಕೂಡಿಸಿದರು. ಮುಂದೆ 1990ರ ದಶಕದಲ್ಲಿ ಥಿಯಾ ವಿಡೇಲ್ ಎಂಬ ಕಪ್ಪು ಕಲಾವಿದೆಯಿಂದ ಮತ್ತೆ ಹೇಳಿಸಿದರು, ಈ ಸಲ ತೊಳೆದು ಇಸ್ತ್ರಿ ಹಾಕಿದ ಇಂಗ್ಲಿಷಿನಲ್ಲಿ. ಅವಮಾನ ಮಾಡಿದ ಕೈಗೆ ಏನೂ ಆಗಲಿಲ್ಲ, ಅವಮಾನ ಉಂಡವಳು ಮನೆ ಬಿಟ್ಟಳು. ಊರಿಗೆ ಸಾಹೇಬರು ಬರ್ತಾರೆ ಅಂತ ಗುಡಿಸಲುಗಳ ಮುಂದೆ ಪರದೆ ಕಟ್ಟಿಸೋದನ್ನು ಕಂಡವರು ನಾವು.

ಸ್ಪೀಡಿ ಗೊನ್ಸಾಲೆಸ್ ಎಂಬ ಮೆಕ್ಸಿಕೋ ಇಲಿಯ ಕಥೆ ಬೇರೆ. ಅದು ಮೆಕ್ಸಿಕೋ ಜನರಿಗೆ ಅವಮಾನ ಅಂತ 1999ರಲ್ಲಿ ಅಮೆರಿಕದ ಕಾರ್ಟೂನ್ ನೆಟ್‌ವರ್ಕ್ ಅದನ್ನು ನಿಲ್ಲಿಸಿತು. ವಾಪಸು ತನ್ನಿ ಅಂತ ಕೇಳಿದವರಲ್ಲಿ ಲ್ಯಾಟಿನೋ ಜನರ ಸಂಘಟನೆಯೇ ಮುಂದಿತ್ತು. 2002ರಲ್ಲಿ ಅದು ವಾಪಸು ಬಂತು. ಆ ಇಲಿಯ ಜೊತೆಗಾರ ಇಲಿಗಳು ಸೋಮಾರಿಗಳು, ಕುಡುಕರು, ನಿಜ. ಆದರೆ ಸ್ಪೀಡಿ ಪ್ರತಿ ಸಲ ಗೆಲ್ಲುತ್ತಾನೆ, ಓಡಿ ಬೆಕ್ಕಿನ ಬಾಯಿಂದ ಗಿಣ್ಣು ಕಸಿದು ತನ್ನ ಜನಕ್ಕೆ ತಂದು ಕೊಡ್ತಾನೆ. ಯಾವುದು ಅವಮಾನ, ಯಾವುದು ಅಲ್ಲ ಅನ್ನೋದನ್ನು ಉಂಡವರನ್ನು ಕೇಳದೆ ತೀರ್ಮಾನ ಮಾಡುವ ಯಜಮಾನಿಕೆಯೂ ಒಂದಿದೆ.

ಸಿದ್ಧಲಿಂಗಯ್ಯನವರ 'ಊರುಕೇರಿ' 1996ರಲ್ಲಿ ಬಂದಾಗ, ಇಷ್ಟು ನೋವಿನ ಬದುಕನ್ನು ಇಷ್ಟು ನಗಿಸುತ್ತಾ ಹೇಳಬಹುದಾ ಅಂತ ಜನ ಬೆರಗಾದರು. ನಮ್ಮ ಕೇರಿಯವರಿಗೆ ಅದರಲ್ಲಿ ಬೆರಗೇನಿಲ್ಲ. ಸಾವಿನ ಮನೆಯಲ್ಲೂ ಒಬ್ಬ ನಗಿಸುವವನು ಇದ್ದೇ ಇರ್ತಾನೆ. ಆ ನಗು ನಮ್ಮದು. ಅದರಲ್ಲಿ ನಮಗೆ ಹೆಸರಿದೆ, ಮುಖ ಇದೆ, ತಿರುಗಿ ಬೈಯುವ ಬಾಯಿ ಇದೆ.

ಅಮೆರಿಕದ ಕಥೆ ಹೇಳಿ ಇಲ್ಲಿನದನ್ನು ಮುಚ್ಚಿಡೋದು ಸುಲಭ. ಇಲ್ಲಿ ಏನಿದೆ? ಕಾರ್ಕಳದವರಾದ ಅನಂತ ಪೈ 1967ರಲ್ಲಿ ಕಟ್ಟಿದ ಅಮರ ಚಿತ್ರ ಕಥೆಯ ಪುಸ್ತಕಗಳನ್ನು ಸ್ಕೂಲಿನ ಲೈಬ್ರರಿಯಲ್ಲಿ ನಾವೂ ಓದಿದೆವು. ದೇವರು ಬಿಳುಪು ಇಲ್ಲವೇ ನೀಲಿ. ಅಸುರರು ಕಪ್ಪು, ಕೋರೆಹಲ್ಲು, ದಪ್ಪ ಹೊಟ್ಟೆ. 1979ರಲ್ಲಿ ಅದೇ ಮಾಲೆಯಲ್ಲಿ ಬಾಬಾಸಾಹೇಬರ ಪುಸ್ತಕವೂ ಬಂತು ಎಂಬುದನ್ನು ಹೇಳದೆ ಇರೋದು ಅನ್ಯಾಯ. ನಮ್ಮ ಲೈಬ್ರರಿಯಲ್ಲಿ ಅದು ಮಾತ್ರ ಇರಲಿಲ್ಲ. 2008ರಲ್ಲಿ ಹೈದರಾಬಾದಿನ ಕಂಪನಿಯೊಂದು ಮಾಡಿದ ಛೋಟಾ ಭೀಮ್ ಟಿವಿಯಲ್ಲಿ ಶುರುವಾಯಿತು. ಭೀಮ ಒಳ್ಳೆಯವನು. ಅವನನ್ನು ಕಾಡುವ ಗೂಂಡಾ ಹುಡುಗನ ಬಣ್ಣ ಅವನಿಗಿಂತ ಕಪ್ಪು, ಹೆಸರೇ ಕಾಲಿಯಾ. ಹಿಂದಿಯಲ್ಲಿ ಕರಿಯ. ನಮ್ಮ ದೇಶದ್ದೇ ಕಾರ್ಟೂನು ಬಂತು ಅಂತ ಎಲ್ಲರೂ ಖುಷಿಪಟ್ಟರು. ವಾರ ಕಳೆಯೋದರೊಳಗೆ ನಮ್ಮ ಕ್ಲಾಸಿನ ಹುಡುಗರು ನಮಗೂ ಕಾಲಿಯಾ ಅಂತ ಹೆಸರಿಟ್ಟರು. ಹಾಜರಿ ಪುಸ್ತಕದ ಹೆಸರು ಮೇಷ್ಟರ ಬಾಯಲ್ಲಿ ಮಾತ್ರ ಉಳಿಯಿತು. ಆಮೇಲೆ ಅವರ ಬಾಯಿಂದಲೂ ಹೋಯಿತು.

ಅದೇ ವರ್ಷದ ಸ್ಕೂಲ್‌ಡೇ ನಾಟಕಕ್ಕೆ ರಾಕ್ಷಸನ ಪಾತ್ರ ಯಾರಿಗೆ ಅನ್ನೋದು ಚರ್ಚೆಯೇ ಆಗಲಿಲ್ಲ. "ಬಣ್ಣದ ಖರ್ಚು ಉಳೀತು" ಅಂದರು ಒಬ್ಬರು ಮೇಷ್ಟರು. ಎಲ್ಲರೂ ನಕ್ಕರು. ನಾವು ಅರಚಿದ್ದು ನಾಟಕದ ಅರಚಾಟ ಅಂತ ಜನ ಚಪ್ಪಾಳೆ ಹೊಡೆದರು. ಹಳ್ಳಿಗಳಲ್ಲಿ ಪಾಠ ಹೇಳುವ ಗೆಳೆಯರು ಇದನ್ನು ಓದ್ತಿದ್ದರೆ, ಈ ವರ್ಷದ ನಿಮ್ಮ ನಾಟಕದ ಪಾತ್ರಪಟ್ಟಿಯನ್ನು ಒಂದು ಸಲ ತೆಗೆದು ನೋಡಿ.

ಭಾಷೆಯ ಮಾತೂ ಇದಕ್ಕೇ ಅಂಟಿಕೊಂಡಿದೆ. ಕನ್ನಡದಲ್ಲಿ ಡಬ್ಬಿಂಗ್ ಬೇಡ ಅನ್ನುವ ಚಳವಳಿ 1960ರ ದಶಕದ್ದು, ದೊಡ್ಡವರದ್ದು. ಅದರ ಕಾರಣಗಳು ಅದಕ್ಕಿದ್ದವು. ಆದರೆ ಬಾಗಲಗುಂಟೆಯ ಮಕ್ಕಳು ಕಾರ್ಟೂನಿನಿಂದ ಕಲಿತದ್ದು ಹಿಂದಿ. 2009ರಲ್ಲಿ ಚಿಂಟು ಟಿವಿ ಬಂದ ಮೇಲೆ ಕಾರ್ಟೂನಿನ ಪ್ರಾಣಿಗಳು ಕನ್ನಡ ಆಡಿದವು. 2015ರಲ್ಲಿ ಡಬ್ಬಿಂಗ್ ತಡೆದವರ ವಿರುದ್ಧ ಸ್ಪರ್ಧಾ ಆಯೋಗ ತೀರ್ಪು ಕೊಟ್ಟಿತು. ಈ ಗದ್ದಲದಲ್ಲಿ ಕನ್ನಡ ಬೇಕೋ ಬೇಡವೋ ಅಂತ ಕೇಳಿದರು, ಯಾರ ಕನ್ನಡ ಅಂತ ಯಾರೂ ಕೇಳಲಿಲ್ಲ. ನಮ್ಮವ್ವನ ಬಾಯಲ್ಲಿ ಹಾಲು 'ಆಲು' ಆಗುತ್ತೆ, ಹೋಗು 'ಓಗು' ಆಗುತ್ತೆ. ಸಿನಿಮಾದಲ್ಲಿ ಹಾಗೆ ಆಡೋದು ಆಳು, ಪೆದ್ದ, ನಗಿಸುವವನು. ನಾಯಕ ಯಾವತ್ತೂ ಹಕಾರ ತಪ್ಪೋದಿಲ್ಲ. ದೇವನೂರ ಮಹಾದೇವ 'ಕುಸುಮಬಾಲೆ'ಯಲ್ಲಿ ಆ ಬಾಯಿಮಾತನ್ನೇ ಪುಸ್ತಕದ ಭಾಷೆ ಮಾಡಿದರು. ಪುಸ್ತಕಕ್ಕೆ ಬಂದದ್ದು ಮಕ್ಕಳ ಟಿವಿಗೆ ಬರಲಿಲ್ಲ. ಲಿಲಿಯನ್‌ಳ ಮಾತು ಒರಟು ಅಂತ ತೊಳೆದ ಕೈಗಳು ಎಲ್ಲ ದೇಶದಲ್ಲೂ ಇವೆ.

ಬರೆಯುವ ಕೈ ಯಾರದು ಅನ್ನೋದೇ ಕೊನೆಗೆ ಪ್ರಶ್ನೆ. ಡಿಸ್ನಿ ಕಂಪನಿಗೆ ಫ್ಲಾಯ್ಡ್ ನಾರ್ಮನ್ ಎಂಬ ಕಪ್ಪು ಚಿತ್ರಗಾರ ಸೇರಿದ್ದು 1956ರಲ್ಲಿ. ಅಲ್ಲಿಯ ಹೆಂಗಸರಿಗೆ ಬಹಳ ವರ್ಷ ಸಿಕ್ಕಿದ್ದು ಗಂಡಸರು ಬರೆದ ಗೆರೆಗೆ ಶಾಯಿ ಹಾಕಿ ಬಣ್ಣ ತುಂಬುವ ಕೆಲಸ. ನಮ್ಮ ಸರ್ಕಾರ 2012ರಲ್ಲಿ ಅನಿಮೇಷನ್ ನೀತಿ ತಂದಿತು, ದೇಶದಲ್ಲೇ ಮೊದಲು ಅಂತ ಬೆನ್ನು ತಟ್ಟಿಕೊಂಡಿತು. ನಮ್ಮ ಬೀದಿಯ ಗೆಳೆಯನೊಬ್ಬ ಸಾಲ ಮಾಡಿ ಆ ಕೋರ್ಸು ಮುಗಿಸಿ ಒಂದು ಸ್ಟುಡಿಯೋ ಸೇರಿದ. ತನ್ನ ಅಜ್ಜಿಯ ಕಥೆಗಳನ್ನು ಚಿತ್ರ ಮಾಡ್ತೀನಿ ಅಂತಿದ್ದ. ಅವನಿಗೆ ಕೊಟ್ಟದ್ದು ರೋಟೋ ಕೆಲಸ. ಹೊರದೇಶದ ಸಿನಿಮಾದ ಒಂದೊಂದೇ ಚೌಕಟ್ಟಿನಲ್ಲಿ ಮನುಷ್ಯರ ಅಂಚು ಗೆರೆ ಎಳೆಯೋದು, ಬೇಡವಾದ ತಂತಿ, ಕಂಬ, ಕೆಲವೊಮ್ಮೆ ಬೇಡವಾದ ಮನುಷ್ಯರನ್ನು ಅಳಿಸೋದು. ರಾತ್ರಿ ಪಾಳಿ. ಒಂದು ಸೆಕೆಂಡಿಗೆ 24 ಚೌಕಟ್ಟು. ಮ್ಯಾಮಿಯನ್ನು ಅಳಿಸಿದ್ದು ಕೂಡ ಇದೇ ವಿದ್ಯೆಯಿಂದ ಕಣೋ ಅಂದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಳ್ಸೋದು ನೀಟಾಗಿ ಕಲ್ತಿದೀನಿ, ಬರಿಯೋಕೆ ಇನ್ನೂ ಯಾರೂ ಕೊಟ್ಟಿಲ್ಲ" ಅಂದ. ಹೋದ ವರ್ಷ ಆ ಸ್ಟುಡಿಯೋ ಅವನನ್ನೂ ಆಚೆಗೆ ಹಾಕಿತು. ಈಗ ಬೈಕಿನಲ್ಲಿ ಊಟ ತಲುಪಿಸ್ತಾನೆ. ಚಿತ್ರದ ಪುಸ್ತಕ ಚೀಲದಲ್ಲೇ ಇದೆ, ಆರ್ಡರಿಗೆ ಕಾಯುವಾಗ ಗೀಚ್ತಾನೆ.

1950ರ 'ಸ್ಯಾಟರ್ಡೇ ಈವ್ನಿಂಗ್ ಪುಸ್' ಚಿತ್ರದಲ್ಲಿ ಆ ಹೆಂಗಸು ಶನಿವಾರ ಸಂಜೆ ಸಿಂಗಾರ ಮಾಡಿಕೊಂಡು ಗೆಳತಿಯರ ಜೊತೆ ಇಸ್ಪೀಟು ಆಡೋಕೆ ಹೋಗ್ತಾಳೆ. ಮನೆಯಲ್ಲಿ ಬೆಕ್ಕುಗಳ ಗಲಾಟೆ. ನಿದ್ದೆ ಕೆಟ್ಟ ಇಲಿ ಫೋನು ಮಾಡುತ್ತೆ. ಆಕೆ ಬೀದಿಯಲ್ಲಿ ದಡದಡ ಓಡಿ ಬರ್ತಾಳೆ. ಆ ಓಟದಲ್ಲಿ ಒಂದು ಕ್ಷಣ ಆಕೆಯ ಮುಖ ಕಂಡುಬಿಡುತ್ತೆ. ಟಿವಿಗೆ ಅಳಿಸಿ ಬರೆದಾಗ ಈ ಚಿತ್ರದಲ್ಲೂ ಅವಳ ಜಾಗಕ್ಕೆ ಬಿಳಿ ಹುಡುಗಿ ಬಂದಳು. ಆದರೆ ಹಳೆಯ ಪ್ರತಿ ಉಳಿದಿದೆ.

ಮೊನ್ನೆ ಭಾನುವಾರ ಮೊಬೈಲಿನಲ್ಲಿ ಅದನ್ನು ಅವ್ವನಿಗೆ ತೋರಿಸಿದೆವು. ಅವ್ವನಿಗೆ ಈಗ ಮೊಣಕಾಲು ನೋವು, ಎರಡು ಮನೆ ಮಾತ್ರ ಇಟ್ಟುಕೊಂಡಿದ್ದಾಳೆ. ಓಡುವ ಜಾಗಕ್ಕೆ ಬಂದಾಗ ತಡೆದು ನಿಲ್ಲಿಸಿದೆವು. ಅವ್ವ ಮೊಬೈಲನ್ನು ಕಣ್ಣಿನ ಹತ್ತಿರಕ್ಕೆ ಹಿಡಿದಳು.

"ಇವ್ಳೇನಾ ಅವ್ಳು?"

"ಅವ್ಳೇ ಕಣವ್ವ."

"ಎಲ್ಗೋಗಿದ್ಲು?"

"ಇಸ್ಪೀಟ್ ಆಡಾಕೆ. ಗೆಳತೀರ ಜೊತೆ."

ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಅದ್ನೂ ತೋರ್ಸವ್ರಾ? ಆಡಾದ್ನ?"

"ಊಂ. ಒಂಚೂರು."

"ಅಲ್ಲಿಂದ್ಲೇ ಆಕು ಮತ್ತೆ."

ಹಾಕಿದೆವು.